ಕಾಂಪೌಂಡ್ ಆಚೆಯ ಕ್ಯಾಂಪಸ್

ಕೇಳುಗರೆ, ನಮಸ್ಕಾರ.

ವಿಶ್ವವಿದ್ಯಾಲಯ ಅಂದಕೂಡಲೇ ದೊಡ್ಡ ಗೇಟು, ಗ್ರಂಥಾಲಯ, ಸಾಲುಮರ ಕಣ್ಣಮುಂದೆ ಬರುತ್ತವೆ. ಆದರೆ ಎಂಜಿನಿಯರ್ ನಕ್ಷೆ ಬಿಡಿಸೋ ಮೊದಲೇ ಅರ್ಧ ತೀರ್ಮಾನ ಉತಾರದಲ್ಲೇ, ಅಂದರೆ ಜಮೀನಿನ ಪಹಣಿಯಲ್ಲೇ, ಆಗಿಹೋಗಿರುತ್ತದೆ.

ನಮ್ಮ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನೇ ನೋಡಿ. 2010ರಲ್ಲಿ ಭೂತರಾಮನಹಟ್ಟಿಯಲ್ಲಿ ಶುರುವಾಯಿತು. ಹೆದ್ದಾರಿ ಪಕ್ಕ, ಸುತ್ತ ಬೇಕಾದಷ್ಟು ಬಯಲು. ಆದರೆ ಅದು ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಥ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಜಾಗ ಕಣ್ಣೆದುರೇ ಇದೆ, ಕಟ್ಟೋ ಹಾಗಿಲ್ಲ! ಕೊನೆಗೆ ಹೊಸ ಕ್ಯಾಂಪಸ್ಸಿಗೆ ಹಿರೇಬಾಗೇವಾಡಿಯಲ್ಲಿ ಜಾಗ ನೋಡಬೇಕಾಯಿತು.

ಇನ್ನು ಮಾಸ್ಟರ್ ಪ್ಲ್ಯಾನ್, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಹೇಳುವ ನಕ್ಷೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಈ ನಕ್ಷೆಯಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಶಾಲೆ-ಕಾಲೇಜಿಗೆ ಕೆಂಪು ಬಣ್ಣ. ಕೃಷಿ ಜಮೀನಾದರೆ ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆಗಬೇಕು. ಆಮೇಲೆ ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ), ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಮಳೆನೀರು ಕೊಯ್ಲು, ಪಾರ್ಕಿಂಗ್. ಇವೆಲ್ಲ ಕಾಗದದ ಓಡಾಟ, ಹೇಗೋ ಮುಗಿಯುತ್ತವೆ.

ನನಗೆ ಕಾಡುವುದು ಗೇಟಿನ ಹೊರಗಿನ ಜಾಗ. ಊರಾಚೆ ಹೆದ್ದಾರಿಯ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡ ಬರಬಾರದು. ವಿಶ್ವವಿದ್ಯಾಲಯ ಇದನ್ನು ಪಾಲಿಸಿ ಹಿಂದೆ ಸರಿಯುತ್ತದೆ. ಸರಿದಷ್ಟು ಜಾಗಕ್ಕೆ ತಗಡಿನ ಶೆಡ್ಡು ಬರುತ್ತದೆ. ಒಂದರಲ್ಲಿ ಝೆರಾಕ್ಸ್, ಇನ್ನೊಂದರಲ್ಲಿ ಚಹಾ, ಮತ್ತೊಂದು ಖಾನಾವಳಿ. ಅಲ್ಲೇ ಬಿಸಿ ರೊಟ್ಟಿ, ಝುಣಕ. ಅಲ್ಲೇ ಆಟೋ, ಅಲ್ಲೇ ಬಸ್ಸು. ಬ್ಯಾಗು ಎದೆಗವಚಿಕೊಂಡ ಹುಡುಗಿಯರು ಲಾರಿಗಳ ನಡುವೆ ಓಡಿ ರಸ್ತೆ ದಾಟುತ್ತಾರೆ.

ಶೆಡ್ಡಿನವರದ್ದು ತಪ್ಪು ಅಂತ ಸುಮ್ನೆ ಬೈಯ್ಯಬಹುದು. ಆದರೆ ಸಾವಿರಾರು ಮಕ್ಕಳು ಊಟಕ್ಕೆ ಎಲ್ಲಿ ಹೋಗಬೇಕು? ಆ ಪ್ರಶ್ನೆ ಯಾವ ಬಣ್ಣದಲ್ಲೂ ಇಲ್ಲ, ಅಲ್ವಾ? 1998ರಲ್ಲಿ ಹುಟ್ಟಿದ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಇರೋದೂ ಬೆಳಗಾವಿಯ ಖಾನಾಪುರ ರಸ್ತೆಯ ಮಚ್ಛೆಯಲ್ಲಿ, ಕೈಗಾರಿಕಾ ಪ್ರದೇಶದ ನೆರೆಯಲ್ಲಿ. ಅಂದರೆ ವಿದ್ಯಾರ್ಥಿಗಳ ಬಸ್ಸಿಗೂ ಫ್ಯಾಕ್ಟರಿಯ ಲಾರಿಗೂ ಒಂದೇ ದಾರಿ.

ಕಾಂಪೌಂಡಿನೊಳಗೆ ನಮ್ಮ ನಿಯಮಗಳು ಗಟ್ಟಿ, ಹೊರಗೆ ಕಾಲಿಟ್ಟರೆ ಸಡಿಲ. ಕ್ಯಾಂಪಸ್ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಸುತ್ತಲಿನ ಎರಡು-ಮೂರು ಕಿಲೋಮೀಟರಿನ ನಕ್ಷೆಯನ್ನೂ ಕೇಳಬೇಕು ಅನ್ನೋದು ನನ್ನ ಹಟ. ಬಸ್ ನಿಲ್ದಾಣ, ಅಂಡರ್‌ಪಾಸ್, ಅಂಗಡಿ ಸಾಲು, ಬಾಡಿಗೆ ರೂಮುಗಳಿಗೆ ಚರಂಡಿ. ಹಿರೇಬಾಗೇವಾಡಿಯ ಪಂಚಾಯಿತಿಯವರೂ ಇದನ್ನು ಈಗಲೇ ಕೇಳಬೇಕು. ಶೆಡ್ಡುಗಳು ಬೇರೂರಿದ ಮೇಲೆ ಕೇಳಿದರೆ ಕೋರ್ಟಿನ ಸ್ಟೇ ಸಿಗುತ್ತದೆ, ರಸ್ತೆ ಸಿಗುವುದಿಲ್ಲ.

ನಮಸ್ಕಾರ.