40 ಜನ, 8 ಕುದುರೆ, ಒಂದು ಕಾರ್ ಪಾರ್ಕಿಂಗ್

ಕಾರ್ ಪಾರ್ಕಿಂಗ್ ನೆಲದ ಮೇಲೆ ಹಳೇ ರೈಲು ಬೋಗಿಯ ಅಳತೆಗೆ ಟೇಪ್ ಹಾಕ್ತಿರೋದು ವಿಡಿಯೋದಲ್ಲಿ ನಿಮಗೆ ಕಾಣ್ತಿದೆ, ಅದನ್ನ ಬಿಡಿಸಿ ಹೇಳಲ್ಲ. ಅಳತೆ ಮಾತ್ರ ಕೇಳ್ಕೊಳ್ಳಿ. ಉದ್ದ 20 ಅಡಿ 6 ಇಂಚು, ಅಗಲ 8 ಅಡಿ 6 ಇಂಚು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಓಡ್ತಿದ್ದ ಗೂಡ್ಸ್ ಬೋಗಿ ಹೆಚ್ಚುಕಮ್ಮಿ ಇಷ್ಟೇ ಇತ್ತು. ನಾಲ್ಕೇ ಚಕ್ರ, ಮೈಯೆಲ್ಲ ಮರದ ಹಲಗೆ, ಎರಡೂ ಪಕ್ಕ ನಡುಮಧ್ಯೆ ಒಂದೊಂದು ಜಾರುಬಾಗಿಲು. ನಾವು ನಿಂತಿರೋ ಈ ಬೇಸ್‌ಮೆಂಟ್ ಸ್ಲಾಟ್ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಅಂದ್ರೆ ಅಗಲಕ್ಕೆ ನಾಲ್ಕು ಇಂಚು ಸಾಲದು, ಉದ್ದಕ್ಕೆ ನಾಲ್ಕಡಿ ಸಾಲದು. ಅದಕ್ಕೇ ಬೋಗಿಯ ಬಾಲ ಕಾರ್ ಓಡಾಡೋ ದಾರಿಗೆ ಬಂದಿದೆ.

ಈ ಬೋಗಿ ಮೈಮೇಲೆ ಬಣ್ಣದಲ್ಲಿ ಬರೆದಿರ್ತಿತ್ತು: ಓಮ್ 40, ಶೆವೋ 8. ಮನುಷ್ಯರಾದ್ರೆ 40, ಕುದುರೆಗಳಾದ್ರೆ 8. ಎರಡೂ ಒಟ್ಟಿಗಲ್ಲ, ಅದೊಂದು ತಪ್ಪು ತುಂಬ ಜನ ಮಾಡ್ತಾರೆ. 1917-18ರಲ್ಲಿ ಬ್ರೆಸ್ಟ್, ಸಾಂ ನಜೇರ್ ಬಂದರುಗಳಲ್ಲಿ ಇಳಿದ ಅಮೆರಿಕದ ಸೈನಿಕರನ್ನ ಇದರಲ್ಲೇ ತುಂಬಿ ಯುದ್ಧರಂಗದ ಕಡೆ ಕಳಿಸಿದ್ರು. ಗೆದ್ದು ಮನೆಗೆ ಹೋದ ಮೇಲೆ ಅವರು ಏನು ಮಾಡಿದ್ರು ಗೊತ್ತಾ? ಈ ದರಿದ್ರ ಬೋಗಿಯ ಹೆಸರಲ್ಲೇ ಒಂದು ಗೌರವ ಕೂಟ ಕಟ್ಟಿಕೊಂಡ್ರು. ಇವತ್ತಿನ ವಿಷಯ ಅದೇ, 'ಫಾರ್ಟಿ ಅಂಡ್ ಏಟ್'.

ಒಂದ್ನಿಮಿಷ, ಟೇಪ್ ವಿಷಯ ಹೇಳಲೇಬೇಕು. ನೆಲಕ್ಕೆ ನುಣುಪಾದ ಎಪಾಕ್ಸಿ ಬಣ್ಣ ಬಳಿದಿರೋ ಕಡೆ ಸೀಮೆಸುಣ್ಣ ಹಿಡಿಯಲ್ಲ, ಒಂದು ಸಲ ಕಾಲಿಟ್ರೆ ಹೋಯ್ತು. ಹಾಗಾಗಿ ಮಾಸ್ಕಿಂಗ್ ಟೇಪ್. ಒಂದು ರೋಲ್ 20 ಮೀಟರ್. ಬೋಗಿಯ ಸುತ್ತಳತೆ 58 ಅಡಿ, ಅಂದ್ರೆ 17.7 ಮೀಟರ್. ಸಾಕು ಅನ್ನಿಸುತ್ತೆ, ಅಲ್ವಾ? ಸಾಲಲ್ಲ. ಉಳಿಯೋದು ಎರಡೂಕಾಲು ಮೀಟರ್ ಚಿಲ್ಲರೆ. ಒಳಗೆ ಬಾಗಿಲಿನ ನೇರಕ್ಕೆ ಎರಡು ಅಡ್ಡಗೆರೆ ಬೇಕು, ಅದಕ್ಕೇ ಐದು ಮೀಟರ್ ದಾಟುತ್ತೆ. ಎರಡು ರೋಲ್ ತಗೊಳ್ಳಿ. ಅಗ್ಗದ್ದಂತೂ ಬೇಡವೇ ಬೇಡ, ಎಳೆದ್ರೆ ಅಡ್ಡಡ್ಡ ಹರಿಯುತ್ತೆ, ತುದಿ ಹುಡುಕೋದರಲ್ಲೇ ಅರ್ಧ ಜೀವಮಾನ. ಇನ್ನೊಂದು, ಮೂಲೆ. ಕಣ್ಣಂದಾಜಿಗೆ ಹಾಕಿದ್ರೆ ಬೋಗಿ ಸೊಟ್ಟಗೆ ಅಡಿಪಾಯ ಕಟ್ಟಿದ ಹಾಗೆ ಆಗುತ್ತೆ. ಗಾರೆಯವರ ಮೂಲೆಮಟ್ಟ ಇದ್ರೆ ಸರಿ. ಇಲ್ಲಾಂದ್ರೆ ಕರ್ಣ ಅಳೀರಿ, ಎರಡೂ ಕಡೆ 22 ಅಡಿ ಎರಡೂಕಾಲು ಇಂಚು ಬರಬೇಕು. ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಬಂದ್ರೆ, ಟೇಪ್ ಕಿತ್ತು ಮೊದಲಿಂದ. ಹೌದು, ಮೊದಲಿಂದ.

ಸರಿ, ಕುದುರೆ. ಪೂರ್ತಿ ಬರಹ ಬರೀ 'ಶೆವೋ 8' ಅಲ್ಲ. 'ಶೆವೋ, ಆಂ ಲಾಂ, 8'. ಆಂ ಲಾಂ ಅಂದ್ರೆ ಉದ್ದಕ್ಕೆ. ಈ ಎರಡು ಪದ ಬಿಟ್ರೆ ಲೆಕ್ಕವೇ ಅರ್ಥ ಆಗಲ್ಲ. ನೋಡಿ, ಹಲಗೆ ದಪ್ಪ ಕಳೆದು ಒಳಗಡೆ 20ಕ್ಕೆ 8 ಅಡಿ ಅಂದುಕೊಳ್ಳಿ. ಒಂದು ಕುದುರೆ ಮೂತಿಯಿಂದ ಬಾಲದವರೆಗೆ ಎಂಟಡಿ, ಅಗಲ ಎರಡಡಿ ಅಂತ ಹಿಡಿದ್ರೆ, ಅಗಲಕ್ಕೆ ನಾಲ್ಕು ಕುದುರೆ ಒತ್ತೊತ್ತಾಗಿ ನಿಲ್ಲುತ್ತೆ. ಈ ತುದೀಲಿ ನಾಲ್ಕು, ಆ ತುದೀಲಿ ನಾಲ್ಕು, ಮುಖ ಎಲ್ಲದರದೂ ಮಧ್ಯಕ್ಕೆ. 8 ಮತ್ತೆ 8, 16. ಮಧ್ಯೆ ಬಾಗಿಲಿನ ನೇರಕ್ಕೆ ನಾಲ್ಕಡಿ ಉಳೀತು. ಹುಲ್ಲು, ಜೀನು, ಕುದುರೆ ನೋಡ್ಕೊಳ್ಳೋನು, ಎಲ್ಲ ಅಲ್ಲಿ. ನಾವು ಬಾಗಿಲ ನೇರಕ್ಕೆ ಹಾಕಿದ ಎರಡು ಅಡ್ಡಗೆರೆ ಇದಕ್ಕೇ. ಬಾಗಿಲು ಮಧ್ಯದಲ್ಲಿ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ.

ಮನುಷ್ಯರ ಲೆಕ್ಕ ಇದಕ್ಕಿಂತ ಕೆಟ್ಟದು. 160 ಚದರಡಿ, 40 ಜನ. ತಲೆಗೆ ನಾಲ್ಕು ಚದರಡಿ. ಎರಡಡಿ ಮಣೆ ಹಾಕಿ ಕೂತ ಹಾಗೆ, ಮಂಡಿ ಮಡಿಸಿದ್ರೆ ಪಕ್ಕದವನ ತೊಡೆ ಮೇಲೆ. ಬೆನ್ನಿಗೆ ಮೂಟೆ, ಕೈಲಿ ಬಂದೂಕು ಬೇರೆ. ಕಾಲು ನೀಡಿ ಮಲಗಬೇಕು ಅಂದ್ರೆ ಒಬ್ಬನಿಗೆ ಒಂಬತ್ತು ಚದರಡಿ ಬೇಕು, ಹದಿನೇಳು ಜನಕ್ಕೇ ಬೋಗಿ ಭರ್ತಿ. ಉಳಿದ 23 ಜನ? ಪಾಳಿ ಪ್ರಕಾರ. ನಮ್ಮ ತರ್ಟಿ-ಫಾರ್ಟಿ ಸೈಟಿನಲ್ಲಿ ಬರೀ ಚದರಡಿ ಲೆಕ್ಕದಲ್ಲಿ ಇಂಥ ಬೋಗಿ ಸುಮಾರು ಏಳು ಹಿಡಿಸುತ್ತೆ, 280 ಜನ. ಬಿಲ್ಡರ್‌ಗಳ ಕಿವಿಗೆ ಈ ಲೆಕ್ಕ ಬೀಳದಿರಲಿ. ಅಂದಹಾಗೆ ಕೆಲವು ಬೋಗಿ ಮೇಲೆ '32-40' ಅಂತಲೇ ಇತ್ತು. 32 ಜನ ಸಾಕು ಅಂತ ಯಾರಿಗೂ ಅನ್ನಿಸಲಿಲ್ಲ ಅಂತ ಕಾಣುತ್ತೆ.

ಕೂಟದ ಕಥೆಗೆ ಬರೋಣ, ಟೇಪ್ ಮುಗಿಯೋದರೊಳಗೆ. ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘ 1919ರಲ್ಲಿ ಪ್ಯಾರಿಸ್ಸಿನಲ್ಲೇ ಶುರುವಾಯ್ತು. ಅದು ಗಂಭೀರ: ಪಿಂಚಣಿ, ಆಸ್ಪತ್ರೆ, ಠರಾವು. ಮರುವರ್ಷ, 1920ರಲ್ಲಿ, ಫಿಲಡೆಲ್ಫಿಯಾದಲ್ಲಿ ಜೋಸೆಫ್ ಬ್ರೀನ್ ಮತ್ತೆ ಅವರ ಜೊತೆಯ ಲೀಜನ್ನಿನವರು ಸೇರಿಕೊಂಡು, ಇದರೊಳಗೇ ನಗೋಕೂ ಒಂದು ಜಾಗ ಇರಲಿ ಅಂತ ಫಾರ್ಟಿ ಅಂಡ್ ಏಟ್ ಮಾಡಿದ್ರು. ಅರ್ಜಿ ಹಾಕಿ ಸೇರೋ ಹಾಗಿಲ್ಲ, ಅವರೇ ಕರೀಬೇಕು.

ಹುದ್ದೆಗಳ ಹೆಸರು ಕೇಳಿ. ಊರಿನ ಶಾಖೆಗೆ 'ವ್ವಾತ್ಯೂರ್', ಅಂದ್ರೆ ಬೋಗಿ. ಶಾಖೆಯ ಅಧ್ಯಕ್ಷ 'ಶೆಫ್ ದ ಗಾರ್', ಸ್ಟೇಷನ್ ಮಾಸ್ಟರ್. ಇಡೀ ದೇಶದ ಅಧ್ಯಕ್ಷ 'ಶೆಫ್ ದ ಶ್ಮಾಂ ದ ಫೆರ್', ರೈಲ್ವೆಗೇ ಯಜಮಾನ. ಮೀಟಿಂಗಿಗೆ ಪ್ರೊಮೆನಾಡ್, ಅಂದ್ರೆ ಸುತ್ತಾಟ. ಹೊಸಬನನ್ನ ಸೇರಿಸ್ಕೊಳ್ಳೋ ಶಾಸ್ತ್ರಕ್ಕೆ 'ರೆಕ್', ರೈಲು ಅಪಘಾತ! ಇದೆಲ್ಲ ಮೊದಲು ನನಗೆ ದಂಡ ಅನ್ನಿಸ್ತು, ನಿಜ ಹೇಳ್ತೀನಿ. ದೊಡ್ಡವರು ಮಕ್ಕಳಾಟ ಆಡಿದ ಹಾಗೆ, ಅದೂ ಫ್ರೆಂಚ್ ಬರದೆ ಫ್ರೆಂಚಿನಲ್ಲಿ. ಆದರೆ ಈ ಗೆರೆ ಒಳಗೆ ಕಾಲಿಟ್ಟು ಒಂದು ಹತ್ತು ನಿಮಿಷ ಎರಡಡಿಯಲ್ಲಿ ಕೂತು ನೋಡಿ. ಕುದುರೆ ಲೆಕ್ಕದಲ್ಲಿ ತುಂಬಿಸಿಕೊಂಡವನು ತನ್ನನ್ನ ತಾನೇ ಸ್ಟೇಷನ್ ಮಾಸ್ಟರ್ ಮಾಡ್ಕೊಂಡ್ರೆ, ಅದು ಹುಚ್ಚಲ್ಲ. ಸರಿಯಾಗಿದೆ.

ಇವರದ್ದೇ ಒಂದು ಅಣ್ಣತಮ್ಮನ ಕೂಟ ಇದೆ, ಅದನ್ನ ಬಿಡೋಕೆ ಮನಸ್ಸಿಲ್ಲ. ವಿಎಫ್‌ಡಬ್ಲ್ಯು ಅಂತ ಇನ್ನೊಂದು ಮಾಜಿ ಸೈನಿಕರ ಸಂಘ. ಅದರೊಳಗೆ 1920ರಲ್ಲೇ ಹುಟ್ಟಿದ್ದು 'ಮಿಲಿಟರಿ ಆರ್ಡರ್ ಆಫ್ ದ ಕೂಟಿ'. ಕೂಟಿ ಅಂದ್ರೆ ಕೂರೆ. ತಲೆ ಹೇನಲ್ಲ, ಬಟ್ಟೆ ಹೊಲಿಗೆಯಲ್ಲಿ ಮೊಟ್ಟೆ ಇಡುತ್ತಲ್ಲ, ಅದು. ಕಂದಕಗಳಲ್ಲಿದ್ದ ಸೈನಿಕರಿಗೆ 'ಟ್ರೆಂಚ್ ಫೀವರ್' ಅನ್ನೋ ಜ್ವರ ಹರಡಿದ್ದೂ ಅದೇ. ಸೈನಿಕರು ಅಂಗಿ ಕಳಚಿ ಹೊಲಿಗೆ ಗುಂಟ ಮೇಣದಬತ್ತಿ ಆಡಿಸಿ ಚಟಪಟ ಸುಡ್ತಿದ್ರು. ಬತ್ತಿ ಜಾಸ್ತಿ ಹೊತ್ತು ಹಿಡಿದ್ರೆ ಅಂಗಿಗೇ ತೂತು, ಬೇಗ ಎತ್ತಿದ್ರೆ ಮೊಟ್ಟೆ ಉಳಿದು ವಾರದೊಳಗೆ ಮತ್ತೆ ಸಂಸಾರ. ಇವರ ಶಾಖೆಯ ಮುಖ್ಯಸ್ಥನ ಬಿರುದು 'ಸೀಮ್ ಸ್ಕ್ವಿರಲ್', ಹೊಲಿಗೆಯ ಅಳಿಲು. ಇನ್ನೊಬ್ಬ 'ಹೈಡ್ ಗಿಮ್ಲೆಟ್', ತೊಗಲು ಕೊರೆಯೋ ಬೈರಿಗೆ. ಖಜಾಂಚಿಗೆ 'ಟೈಟ್ ವಾಡ್', ಅಚ್ಚ ಕನ್ನಡದಲ್ಲಿ ಜುಗ್ಗ. ಸಭೆಗೆ 'ಸ್ಕ್ರ್ಯಾಚ್', ಕೆರೆತ. ಹೆಸರಿಡೋದರಲ್ಲಿ ಮಾತ್ರ ಬೋಗಿಯವರಿಗಿಂತ ಕೂರೆಯವರೇ ಮೇಲು. ಮುಖ್ಯ ಕೆಲಸ ಆಸ್ಪತ್ರೆಯಲ್ಲಿರೋ ಸೈನಿಕರನ್ನ ನಗಿಸೋದು.

ವಾಪಸ್ ಬೋಗಿಗೆ. ಮೆರವಣಿಗೆಗೆ ಫಾರ್ಟಿ ಅಂಡ್ ಏಟ್‌ನವರು ಟ್ರಕ್ ಚಾಸಿಗೆ ತಗಡು ಹೊಡೆದು ರೈಲು ಎಂಜಿನ್ ಮಾಡ್ತಿದ್ರು, ಗಂಟೆ, ಸೈರನ್, ಹಿಂದೆ ಬೋಗಿ, ಬೋಗಿ ತುಂಬ ಜನ. ಇದೆಲ್ಲ ಚೆಂದ. ಚೆಂದ ಅಲ್ಲದ್ದೂ ಇದೆ. ಸದಸ್ಯರು ಬಿಳಿಯರೇ ಆಗಿರಬೇಕು ಅಂತ ನಿಯಮ ಇತ್ತು. ಫ್ರೆಂಚ್ ಸೇನೆಯ ಕೈಕೆಳಗೆ ಕಾದಾಡಿದ 369ನೇ ಪದಾತಿ ದಳ, ಹಾರ್ಲೆಮ್‌ನ ಕಪ್ಪು ಸೈನಿಕರು, ಅವರನ್ನೂ ಸಾಗಿಸಿದ್ದು ಇಂಥ ಬೋಗಿಗಳಲ್ಲೇ. ಬೋಗಿಗೆ ಬಣ್ಣ ಕಾಣಲಿಲ್ಲ, ಕೂಟಕ್ಕೆ ಕಾಣ್ತು. ನಿಯಮ ತೆಗೀರಿ ಅಂತ ಲೀಜನ್ ಒತ್ತಿ ಹೇಳಿದ್ರೂ ಕೇಳದೆ, 1960ರಲ್ಲಿ ಇವರು ಬೇರೆ ಮನೆ ಮಾಡ್ಕೊಂಡ್ರು. ಆ ನಿಯಮ ಹೋಗಿದ್ದು 1973ರಲ್ಲಿ. ಸ್ಟೇಷನ್ ಮಾಸ್ಟರ್ ಅಂತ ಬೀಗೋದು ಸರಿ ಅಂದೆನಲ್ಲ ಆಗ, ಅರ್ಧ ವಾಪಸ್ ತಗೊಳ್ತೀನಿ. ಇನ್ನರ್ಧ ಯಾಕೆ ಇಟ್ಕೊಂಡೆ ಅಂದ್ರೆ, ಇದೇ ಜನ ನರ್ಸಿಂಗ್ ಓದೋರಿಗೆ ವಿದ್ಯಾರ್ಥಿವೇತನ ಕೊಡ್ತಾರೆ. ಲೂಸಿಯಾನದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಯ ರೋಗಿಗಳು 'ದ ಸ್ಟಾರ್' ಅಂತ ಪತ್ರಿಕೆ ತರ್ತಿದ್ರು, ಅದರ ಬೆನ್ನಿಗೆ ನಿಂತವರೂ ಇವರೇ.

ಕೊನೇ ಚಿತ್ರಗಳು ಓಡ್ತಿವೆ, ಬೇಗ ಹೇಳ್ತೀನಿ. 1949ರ ಫೆಬ್ರುವರಿ 2, 'ಮೆರ್ಸಿ ಅಮೆರಿಕ', ಅಂದ್ರೆ ಥ್ಯಾಂಕ್ಸ್ ಅಮೆರಿಕ, ಅಂತ ಮೈಮೇಲೆ ಬರೆಸಿಕೊಂಡ ಮ್ಯಾಗೆಲ್ಲನ್ ಹಡಗಿನಲ್ಲಿ ಇಂಥ 49 ಬೋಗಿ ಅಮೆರಿಕಕ್ಕೆ ಬಂದ್ವು. ಎರಡನೇ ಮಹಾಯುದ್ಧದ ನಂತರ ಅಮೆರಿಕದವರು ಊಟ ಬಟ್ಟೆ ಕಳಿಸಿದ್ದಕ್ಕೆ ಫ್ರಾನ್ಸಿನ ಜನ ಉಡುಗೊರೆ ತುಂಬಿ ಕಳಿಸಿದ್ದು. ಆಗಿನ 48 ರಾಜ್ಯಕ್ಕೆ ಒಂದೊಂದು, 49ನೆಯದು ರಾಜಧಾನಿ ವಾಷಿಂಗ್ಟನ್ ಮತ್ತೆ ಹವಾಯಿಗೆ ಸೇರಿ. ಎರಡೂ ದೇಶದ ಹಳಿಯ ಗೇಜ್ ಒಂದೇ, 1435 ಮಿಲಿಮೀಟರ್. ಆದರೆ ಜೋಡಣೆ ಬೇರೆ. ಫ್ರಾನ್ಸಿನದಕ್ಕೆ ನಮ್ಮ ಹಳೇ ನೀಲಿ ಬೋಗಿಗಳ ಥರ ಎರಡು ಬಫರ್, ನಡುವೆ ಸ್ಕ್ರೂ ಕಪ್ಲಿಂಗ್. ಅಮೆರಿಕದವರದ್ದು ಮುಷ್ಟಿ ಥರ ತಾನೇ ಕಚ್ಚಿಕೊಳ್ಳೋದು. ಹೀಗಾಗಿ ಬೋಗಿಗಳನ್ನ ಫ್ಲಾಟ್ ವ್ಯಾಗನ್ ಮೇಲೆ ಹೊತ್ತು ಸಾಗಿಸಿದ್ರು. ಆಮೇಲೆ ಎಷ್ಟೋ ಕಡೆ ಅವನ್ನ ನೋಡ್ಕೊಳ್ಳೋ ಕೆಲಸ ಫಾರ್ಟಿ ಅಂಡ್ ಏಟ್‌ನವರ ಪಾಲಿಗೆ ಬಂತು. ಮರದ ಬೋಗಿ, ಬಯಲಲ್ಲಿ ನಿಲ್ಲಿಸಿದ್ರೆ ಮೊದಲು ಹೋಗೋದು ಹಲಗೆಯ ಕೆಳತುದಿ, ನೀರು ಅಲ್ಲೇ ನಿಲ್ಲೋದು. ಮೇಲೆ ಚಾವಣಿ ಹಾಕಿದವರದ್ದು ಉಳಿದಿದೆ. ಬಾಲ್ಟಿಮೋರ್‌ನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಮೇರಿಲ್ಯಾಂಡಿನದು ನೋಡಬಹುದು. ನೆಬ್ರಾಸ್ಕದ್ದು ಗುಜರಿಗೆ ಹೋಯ್ತು. ಹೊಸದಾಗಿ ಬಣ್ಣ ಹೊಡೆಯೋರಿಗೆ ಒಂದೇ ಮಾತು: 'ಆಂ ಲಾಂ' ಬಿಡಬೇಡ್ರಪ್ಪ...

ಹಾರ್ನ್ ಕೇಳಿಸ್ತಲ್ಲ, ಸ್ಲಾಟಿನವರು ಬಂದ್ರು. ಬಂದೆ ಸರ್, ಎರಡೇ ನಿಮಿಷ, ಬೋಗಿ ಎತ್ತುತ್ತೀನಿ.