1962ರ ಯುದ್ಧ ಅಕ್ಕಸಾಲಿಗರ ಮನೆಗೆ ಬಂದದ್ದು ಹೇಗೆ?

ನಮಸ್ಕಾರ. 2025ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಚಿನ್ನದ ಕೇಸ್ ನಿಮಗೆ ನೆನಪಿರಬೇಕು. ಟಿವಿ ತುಂಬ ಅದೇ ಸುದ್ದಿ. ಆಗ ಒಂದು ಕಾನೂನಿನ ಹೆಸರು ಪದೇ ಪದೇ ಕೇಳಿಬಂತು: ಕಾಫಿಪೋಸಾ. 1974ರ ಕಾನೂನು ಅದು. ಈ ಮನುಷ್ಯ ಕಳ್ಳಸಾಗಣೆ ಮಾಡಿಯಾನು ಎಂದು ಸರ್ಕಾರಕ್ಕೆ ಅನಿಸಿದರೆ, ಕೋರ್ಟಿನಲ್ಲಿ ಅಪರಾಧ ಸಾಬೀತಾಗದೆಯೇ ಒಂದು ವರ್ಷದವರೆಗೆ ಒಳಗಿಡಬಹುದು. ನಡುವೆ ಒಂದು ಸಲಹಾ ಮಂಡಳಿ ಕಡತ ನೋಡುತ್ತದೆ, ಅಷ್ಟೇ.

ಇಂಥ ಕಾನೂನು ಎಲ್ಲಿಂದ ಬಂತು? ಅದರ ಬೇರು ಹುಡುಕುತ್ತಾ ಹೋದರೆ ಹಿಮಾಲಯದ ಗಡಿಗೆ ಹೋಗಿ ನಿಲ್ಲುತ್ತೀರಿ. ಇವತ್ತು ಆ ದಾರಿಯನ್ನೇ ಹಿಡಿಯೋಣ. ಲಿಬರ್ಟೇರಿಯನ್ ಅಂತ ಕರೆಸಿಕೊಳ್ಳುವವರು, ಅಂದರೆ ಸರ್ಕಾರದ ಕೈಗೆ ಮಿತಿ ಇರಬೇಕು ಎನ್ನುವವರು, ಒಂದು ಮಾತು ಹೇಳುತ್ತಾರೆ. ಊರಾಚೆ ದೊಡ್ಡದಾದ ಸರ್ಕಾರ ಊರೊಳಗೆ ಸಣ್ಣದಾಗಿ ಉಳಿಯುವುದಿಲ್ಲ. ನನಗೂ ಹಾಗೇ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

[ತೆರೆಯ ಮೇಲೆ: ಅಕ್ಟೋಬರ್ 1962]

ಚೀನಾ ದಾಳಿ ಮಾಡಿತು. ಅಕ್ಟೋಬರ್ 26ಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಇದರಲ್ಲಿ ತಕರಾರಿಲ್ಲ. ಗಡಿ ಕಾಯುವುದು ಸರ್ಕಾರದ ಕೆಲಸ, ಕಟ್ಟಾ ಲಿಬರ್ಟೇರಿಯನ್ನರೂ ಹೆಚ್ಚಿನವರು ಅದನ್ನು ಒಪ್ಪುತ್ತಾರೆ. ನವೆಂಬರ್ 21ಕ್ಕೆ ಚೀನಾ ಕದನವಿರಾಮ ಸಾರಿತು. ತುರ್ತು ಪರಿಸ್ಥಿತಿ ಯಾವಾಗ ಮುಗಿಯಿತು ಗೊತ್ತಾ? 1968ರ ಜನವರಿಯಲ್ಲಿ. ನಡುವೆ 1965ರ ಪಾಕಿಸ್ತಾನದ ಯುದ್ಧವೂ ಬಂತು, ನಿಜ. ಆದರೂ ಒಂದು ತಿಂಗಳ ಯುದ್ಧಕ್ಕೆ ಐದು ವರ್ಷ ದಾಟಿದ ತುರ್ತು ಪರಿಸ್ಥಿತಿ.

ಆ ಹೊತ್ತಿನಲ್ಲಿ ಸರ್ಕಾರದ ಕೈಯಲ್ಲಿ ಭಾರತ ರಕ್ಷಣಾ ನಿಯಮಗಳಿದ್ದವು. 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಆ ನಿಯಮಗಳ ಅಡಿಯಲ್ಲೇ ಚಿನ್ನದ ನಿಯಂತ್ರಣ ತಂದರು. 14 ಕ್ಯಾರಟ್‌ಗಿಂತ ಜಾಸ್ತಿ ಶುದ್ಧತೆಯ ಒಡವೆ ಮಾಡುವಂತಿಲ್ಲ. ಮನೆಯಲ್ಲಿ ಗಟ್ಟಿ, ಬಿಸ್ಕತ್ತು, ನಾಣ್ಯ ಇದ್ದರೆ ಲೆಕ್ಕ ಒಪ್ಪಿಸಬೇಕು. ಉದ್ದೇಶ ಕೇಳಿದರೆ ಒಳ್ಳೆಯದೇ. ವಿದೇಶಿ ವಿನಿಮಯ ಉಳಿಯಬೇಕು, ಜನರ ಚಿನ್ನದ ಹುಚ್ಚು ಬಿಡಿಸಬೇಕು, ಕಳ್ಳಸಾಗಣೆ ನಿಲ್ಲಬೇಕು.

ನಮ್ಮ ಕಡೆ ತಾಳಿ, ಓಲೆ, ಸರ ಎಲ್ಲ 22 ಕ್ಯಾರಟ್. 14 ಕ್ಯಾರಟ್ ಅಂದರೆ ನೂರಕ್ಕೆ 58 ಪಾಲು ಮಾತ್ರ ಚಿನ್ನ. ಅದು ಗಟ್ಟಿ, ಕುಸುರಿ ಕೆಲಸಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಗಿರಾಕಿಗಂತೂ ಬೇಡವೇ ಬೇಡ. ಮಾರಲು ಹೋದರೆ ಏನು ಸಿಗುತ್ತದೆ ಎಂಬ ಲೆಕ್ಕ ಅವಳಿಗೆ ಗೊತ್ತು. ಬ್ಯಾಂಕಿನ ಮುಖ ನೋಡದ ಹಳ್ಳಿಗಳಲ್ಲಿ ಒಡವೆಯೇ ಉಳಿತಾಯ. ಮನೆಯ ಹೆಣ್ಣುಮಗಳ ಹೆಸರಿಗೆ ಅಂತ ಇದ್ದದ್ದೂ ಬಹಳ ಕಡೆ ಅದೊಂದೇ. ಮಳೆ ಕೈಕೊಟ್ಟರೆ, ಗಂಡ ಕೈಬಿಟ್ಟರೆ, ಕತ್ತಿನಲ್ಲಿ ಇದ್ದದ್ದೇ ಗತಿ. ದೆಹಲಿಯ ಕಡತದಲ್ಲಿ ಇದಕ್ಕೆ ಹುಚ್ಚು ಅಂತ ಹೆಸರು.

ಅಕ್ಕಸಾಲಿಗರ, ಉತ್ತರ ಕರ್ನಾಟಕದ ಮಾತಿನಲ್ಲಿ ಪತ್ತಾರರ, ಅಗ್ಗಿಷ್ಟಿಕೆಗಳು ಆರಿದವು. ದೇಶದ ಉದ್ದಗಲಕ್ಕೂ ತಲೆತಲಾಂತರದಿಂದ ಇದೇ ಕಸುಬು ಮಾಡಿಕೊಂಡಿದ್ದವರು ಕೆಲಸ ಕಳೆದುಕೊಂಡರು. ಆತ್ಮಹತ್ಯೆಗಳ ಸುದ್ದಿ ಬಂತು. ಬೀದಿಗಿಳಿದು ಪ್ರತಿಭಟನೆ ಮಾಡಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಸ್ವಲ್ಪ ಸಡಿಲ ಮಾಡಿತು. 1966ರಲ್ಲಿ 14 ಕ್ಯಾರಟ್ ನಿಯಮ ಬಿಟ್ಟಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? 1968ರಲ್ಲಿ ತುರ್ತು ಪರಿಸ್ಥಿತಿ ಹೋಯಿತು, ಅದೇ ವರ್ಷ ಚಿನ್ನ ನಿಯಂತ್ರಣ ಕಾಯ್ದೆ ಬಂತು. ಯುದ್ಧಕಾಲದ ಆದೇಶ ಈಗ ಕಾಯಂ ಕಾನೂನು. ಅದು ಹೋದದ್ದು 1990ರಲ್ಲಿ. ಚೀನಾ ಯುದ್ಧದ ವರ್ಷ ಹುಟ್ಟಿದ ಮಗುವಿಗೆ ಅಷ್ಟರಲ್ಲಿ 28 ವರ್ಷ.

ಕಳ್ಳಸಾಗಣೆ ನಿಂತಿತೇ? ಒಳಗೆ ಬೆಲೆ ಜಾಸ್ತಿ, ಹೊರಗೆ ಕಡಿಮೆ, ಬೇಡಿಕೆ ಹಾಗೇ ಇದೆ. ಅರಬ್ಬೀ ಸಮುದ್ರದ ದೋಣಿಗಳಿಗೆ ಸುಗ್ಗಿ. ಹಾಜಿ ಮಸ್ತಾನನಂಥವರು ಬೆಳೆದದ್ದು ಈ ಕಾಲದಲ್ಲೇ. ಅವರನ್ನು ಹಿಡಿಯಲು ಇದ್ದ ಕಾನೂನು ಸಾಲದು ಅಂತ 1974ರಲ್ಲಿ ಕಾಫಿಪೋಸಾ ಬಂತು. ಚಿನ್ನ ನಿಯಂತ್ರಣ ಹೋಗಿ ಮೂರೂವರೆ ದಶಕವಾಯಿತು, ಕಾಫಿಪೋಸಾ ಇನ್ನೂ ಇದೆ.

ಇದು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕ 1898ರಲ್ಲಿ ಸ್ಪೇನ್ ಮೇಲಿನ ಯುದ್ಧಕ್ಕಾಗಿ ದೂರದ ಫೋನ್ ಕರೆಗಳ ಮೇಲೆ ತೆರಿಗೆ ಹಾಕಿತು. ನಡುವೆ ತೆಗೆದರು, ಮುಂದಿನ ಯುದ್ಧಕ್ಕೆ ಮತ್ತೆ ಹಾಕಿದರು. ದೂರದ ಕರೆಗಳ ಮೇಲೆ ಅದನ್ನು ವಸೂಲಿ ಮಾಡುವುದು ನಿಂತದ್ದು 2006ರಲ್ಲಿ, ಮೊಬೈಲ್ ಕಾಲದಲ್ಲಿ.

[ತೆರೆಯ ಮೇಲೆ: 1971]

ಈಗ ನನ್ನ ವಾದಕ್ಕೆ ಕಷ್ಟ ಕೊಡುವ ಉದಾಹರಣೆ. ಪೂರ್ವ ಪಾಕಿಸ್ತಾನದಲ್ಲಿ ಹತ್ಯಾಕಾಂಡ ನಡೆಯುತ್ತಿತ್ತು. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಹೊರಗಿನ ಜಗಳ ನಮಗ್ಯಾಕೆ ಅಂತ ಸುಮ್ನೆ ಕೂರಲು ಆಗುತ್ತಿತ್ತೇ? ನನಗೆ ಹಾಗೆ ಹೇಳುವ ಧೈರ್ಯವಿಲ್ಲ. ಡಿಸೆಂಬರ್ 3ಕ್ಕೆ ಪಾಕಿಸ್ತಾನದ ವಿಮಾನಗಳೇ ಮೊದಲು ಬಾಂಬು ಹಾಕಿದವು. 16ಕ್ಕೆ ಢಾಕಾದಲ್ಲಿ ಶರಣಾಗತಿ. 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ವಾಪಸ್. ಮಿತಿ ಅಂದರೆ ಹೀಗಿರಬೇಕು.

ಸೈನ್ಯ ವಾಪಸ್ ಬಂತು. ಡಿಸೆಂಬರ್ 3ರಂದು ಘೋಷಿಸಿದ ತುರ್ತು ಪರಿಸ್ಥಿತಿ ಮಾತ್ರ 1977ರ ಮಾರ್ಚ್‌ವರೆಗೂ ಕದಲಲಿಲ್ಲ. 1975ರಲ್ಲಿ ಇಂದಿರಾ ಗಾಂಧಿ ತಂದ ತುರ್ತು ಪರಿಸ್ಥಿತಿ ಎಲ್ಲರಿಗೂ ಗೊತ್ತು. ಆದರೆ ಅದು ಬಂದಾಗ 1971ರದ್ದು ಇನ್ನೂ ಜಾರಿಯಲ್ಲೇ ಇತ್ತು, ಒಂದರ ಮೇಲೆ ಇನ್ನೊಂದು ಹೇರಿದರು ಎಂಬುದು ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು ಈ ಕಾಲದಲ್ಲಿ.

ಒಂದು ಮಾತು ಹೇಳಲೇಬೇಕು. ನಿರಾಶ್ರಿತರ ನೆರವಿಗೆ ಅಂತ 1971ರಲ್ಲಿ ಅಂಚೆ ಮೇಲೆ ಐದು ಪೈಸೆಯ ಹೆಚ್ಚುವರಿ ಸ್ಟಾಂಪ್ ಹಾಕಿದ್ದರು. ಅದು 1973ರಲ್ಲಿ ಹೋಯಿತು. ಹೋಗಿದ್ದು ಅಂತ ತೋರಿಸಲು ನನಗೆ ಸಿಕ್ಕಿದ್ದು ಈ ಐದು ಪೈಸೆ.

ಇನ್ನು ಶ್ರೀಲಂಕಾ. 1983ರ ನಂತರ ಅಲ್ಲಿನ ತಮಿಳು ಉಗ್ರ ಗುಂಪುಗಳಿಗೆ ನಮ್ಮ ದೇಶದಲ್ಲೇ ತರಬೇತಿ ಸಿಕ್ಕಿತು, ಎಲ್‌ಟಿಟಿಇಗೂ ಸಿಕ್ಕಿತು. 1987ರ ಜುಲೈ 29ಕ್ಕೆ ಭಾರತ ಮತ್ತು ಶ್ರೀಲಂಕಾ ಸರ್ಕಾರಗಳ ನಡುವೆ ಒಪ್ಪಂದ. ಉಗ್ರರು 72 ಗಂಟೆಯೊಳಗೆ ಆಯುಧ ಒಪ್ಪಿಸಬೇಕು ಅಂತ ಅದರಲ್ಲಿ ಬರೆದಿತ್ತು. 72 ಗಂಟೆ! ನಮ್ಮ ಶಾಂತಿಪಾಲನಾ ಪಡೆ ವಾಪಸ್ ಬಂದದ್ದು 1990ರ ಮಾರ್ಚಿನಲ್ಲಿ. ಸುಮಾರು 1,200 ಯೋಧರು ಸತ್ತರು. ನಾವೇ ತರಬೇತಿ ಕೊಟ್ಟವರ ಜೊತೆ ನಾವೇ ಯುದ್ಧ ಮಾಡಿದೆವು. ನಾವು ಸಹಾಯಕ್ಕೆ ಹೋದ ಕೊಲಂಬೊ ಸರ್ಕಾರ ಕೊನೆಗೆ ನಮ್ಮ ಪಡೆಯ ವಿರುದ್ಧ ಎಲ್‌ಟಿಟಿಇಗೇ ಆಯುಧ ಕೊಟ್ಟಿತು. ಅಲ್ಲಿನ ತಮಿಳರ ಮನೆಗಳಲ್ಲಿ ನಮ್ಮ ಪಡೆಯ ಬಗ್ಗೆ ಒಳ್ಳೆಯ ನೆನಪು ಕಡಿಮೆ. 1991ರ ಮೇ 21ಕ್ಕೆ ಶ್ರೀಪೆರಂಬದೂರಿನಲ್ಲಿ ಎಲ್‌ಟಿಟಿಇಯಿಂದ ರಾಜೀವ್ ಗಾಂಧಿ ಹತ್ಯೆ. ಆಗಸ್ಟ್‌ನಲ್ಲಿ ಹಂತಕರ ತಂಡದ ಶಿವರಾಸನ್ ಹೆಣವಾಗಿ ಸಿಕ್ಕಿದ್ದು ನಮ್ಮ ಕೋಣನಕುಂಟೆಯಲ್ಲಿ.

ಇದನ್ನು ಮಾಡಿದವರು ದಡ್ಡರಲ್ಲ. ಹಳ್ಳಿಯ ಹೆಂಗಸು ಚಿನ್ನ ಯಾಕೆ ಕೊಳ್ಳುತ್ತಾಳೆ ಅಂತ ದೆಹಲಿಗೆ ಗೊತ್ತಿರಲಿಲ್ಲ. ತನ್ನದೇ ದೇಶದ ಹಳ್ಳಿ ಅದು. ಶ್ರೀಲಂಕಾದ ತಮಿಳರ ಊರು ಜಾಫ್ನಾದ ಮನೆ ಮನೆಯ ಲೆಕ್ಕಾಚಾರ ಗೊತ್ತಾಗುತ್ತಿತ್ತು ಅಂತ ನಂಬಲು ಏನು ಕಾರಣವಿತ್ತು? ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆದು ಸರ್ಕಾರವನ್ನು ಬೈಯುವ ನಾವೇ, ಅದೇ ಸರ್ಕಾರ ಪಕ್ಕದ ದೇಶವನ್ನು ಸರಿಮಾಡುತ್ತದೆ ಅಂದಾಗ ಚಪ್ಪಾಳೆ ಹೊಡೆಯುತ್ತೇವೆ. ವಾಟ್ಸಾಪ್ ಗುಂಪುಗಳಲ್ಲಿ ತೆರಿಗೆ ಜಾಸ್ತಿ ಅನ್ನುವವರೂ, ನಾಳೆಯೇ ಯುದ್ಧವಾಗಲಿ ಅನ್ನುವವರೂ ಹೆಚ್ಚುಕಮ್ಮಿ ಒಬ್ಬರೇ, ಅಲ್ವಾ?

ಹಾಗಾದರೆ ಮಿತಿ ಹಾಕುವುದು ಸಾಧ್ಯವೇ? ಒಳಗಿನದಕ್ಕೆ ಒಂದಿಷ್ಟು ಹಾಕಿದ್ದೇವೆ. 1978ರ 44ನೇ ತಿದ್ದುಪಡಿ ಬಂದ ಮೇಲೆ ತುರ್ತು ಪರಿಸ್ಥಿತಿಗೆ ಸಂಪುಟದ ಲಿಖಿತ ತೀರ್ಮಾನ ಬೇಕು, ಆರು ತಿಂಗಳಿಗೊಮ್ಮೆ ಸಂಸತ್ತು ಮತ್ತೆ ಒಪ್ಪಬೇಕು. ಹೊರಗಿನದಕ್ಕೆ ಇಂಥದ್ದೇನೂ ಇಲ್ಲ. ಸೈನ್ಯವನ್ನು ಜಾಫ್ನಾಕ್ಕೆ ಕಳಿಸುವ ಮೊದಲು ಸಂಸತ್ತಿನಲ್ಲಿ ಮತ ಹಾಕಿಸಲಿಲ್ಲ. ಹಾಕಿಸಬೇಕೆಂಬ ನಿಯಮ ಈಗಲೂ ಇಲ್ಲ.

ಮತ ಹಾಕಿಸಿದರೆ ಯುದ್ಧ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಇರಾಕ್ ಬಗ್ಗೆ ಮತ ಹಾಕಿದರು, ಯುದ್ಧವೂ ಆಯಿತು. ಆದರೆ ಯಾರು ಹೌದು ಅಂದರು, ಯಾರು ಬೇಡ ಅಂದರು ಎಂಬುದು ಹೆಸರು ಹೆಸರಾಗಿ ದಾಖಲಾಯಿತು. ಹೌದು ಅಂದಿದ್ದ ಹಿಲರಿ ಕ್ಲಿಂಟನ್ 2008ರ ಚುನಾವಣೆಯುದ್ದಕ್ಕೂ ಅದಕ್ಕೆ ಉತ್ತರ ಕೊಡುತ್ತಾ ಓಡಾಡಬೇಕಾಯಿತು. 1987ರ ನಮ್ಮ ಸಂಸದರಲ್ಲಿ ಯಾರನ್ನಾದರೂ ಹಾಗೆ ಕೇಳೋಣವೆಂದರೆ, ತೋರಿಸಲು ಒಂದು ಮತವೂ ಇಲ್ಲ.