ಮುಂದೆ ಯಾವ ಸಾಮ್ರಾಜ್ಯ ಕಟ್ಟೋಣ?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳ ಬಗ್ಗೆ ಮಾತಾಡೋಣ. ಅದರಲ್ಲೂ ಟರ್ನ್ ಲೆಕ್ಕದಲ್ಲಿ ಆಡುವಂಥವು. ನೀವು ನಿಮ್ಮ ನಡೆ ಮುಗಿಸಿ ಬಟನ್ ಒತ್ತುತ್ತೀರಿ. ಎದುರಾಳಿಗಳು ತಮ್ಮ ನಡೆ ನಡೆಸುತ್ತಾರೆ. ಮತ್ತೆ ನಿಮ್ಮ ಸರದಿ. ಗಡಿಬಿಡಿ ಇಲ್ಲ. ಒಂದೇ ನಡೆಗೆ ಅರ್ಧ ಗಂಟೆ ಯೋಚಿಸಿದರೂ ಯಾರೂ ಕೇಳುವುದಿಲ್ಲ.

ಈ ಬಗೆಯ ಆಟಕ್ಕೆ ದೊಡ್ಡ ಹೆಸರು ತಂದದ್ದು 1991ರ ಸಿವಿಲೈಸೇಶನ್. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಆಟ ಅದು. ಆ ಸರಣಿಯ ಏಳನೆಯದು 2025ರ ಫೆಬ್ರವರಿಯಲ್ಲಿ ಬಂತು. ನಮ್ಮಲ್ಲಿ ತುಂಬಾ ಜನ ಈ ಲೋಕಕ್ಕೆ ಕಾಲಿಟ್ಟದ್ದು ಇವುಗಳಲ್ಲಿ ಯಾವುದೋ ಒಂದರಿಂದಲೇ. ಆಡುತ್ತೇವೆ, ಮತ್ತೆ ಮತ್ತೆ ಆಡುತ್ತೇವೆ, ಒಂದು ದಿನ ಸಾಕು ಅನ್ನಿಸುತ್ತದೆ. ಮುಂದೆ ಯಾವುದು ಆಡಲಿ ಎಂದು ಯಾರನ್ನಾದರೂ ಕೇಳಿದರೆ ಹತ್ತು ಹೆಸರು ಹೇಳುತ್ತಾರೆ. ಹತ್ತೂ ಒಳ್ಳೆಯ ಆಟಗಳೇ ಇರಬಹುದು. ಆದರೆ ಅದರಲ್ಲಿ ನಿಮ್ಮದು ಯಾವುದು?

ಅದಕ್ಕೆ ಮೊದಲು ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ. ಹಳೆಯ ಆಟವನ್ನು ನೀವು ಎಲ್ಲಿ ಬಿಟ್ಟಿರಿ? ಸೇವ್ ಮಾಡಿಟ್ಟ ಆಟಗಳ ಪಟ್ಟಿ ತೆಗೆದು ನೋಡಿ. ಅರ್ಧಕ್ಕೇ ನಿಂತವು ಎಷ್ಟಿವೆ? ಅವು ಯಾವ ಟರ್ನ್‌ನಲ್ಲಿ ನಿಂತಿವೆ? ಮುಂದೆ ಯಾವ ಆಟ ಬೇಕು ಅನ್ನುವುದಕ್ಕೆ ಆ ಪಟ್ಟಿಯಲ್ಲೇ ಉತ್ತರ ಇದೆ ಎಂದು ನನ್ನ ನಂಬಿಕೆ.

ಈ ಆಟಗಳ ಮೊದಲ ಐವತ್ತು ಟರ್ನ್‌ಗಳಲ್ಲಿ ಎಷ್ಟು ಖುಷಿ ಇರುತ್ತದೆ ಅಲ್ವಾ? ನಕ್ಷೆಯೆಲ್ಲಾ ಕತ್ತಲು. ಕೈಯಲ್ಲಿ ಒಂದು ನಗರ, ಒಂದು ತುಕಡಿ. ಎರಡನೇ ನಗರ ನದಿ ದಡದಲ್ಲೋ, ಕುದುರೆ ಸಿಗುವ ಬಯಲಲ್ಲೋ? ಆ ಒಂದು ತೀರ್ಮಾನ ಇಡೀ ಆಟದ ದಿಕ್ಕು ಬದಲಿಸುತ್ತದೆ. ಅದೇ ಇನ್ನೂರನೇ ಟರ್ನ್‌ಗೆ ಬನ್ನಿ. ಇಪ್ಪತ್ತು ನಗರ, ನಲವತ್ತು ತುಕಡಿ. ಮಾಡುವ ಕೆಲಸ ಹತ್ತು ಪಟ್ಟು ಜಾಸ್ತಿ, ಒಂದೊಂದು ಕೆಲಸದ ತೂಕ ಮಾತ್ರ ಹತ್ತು ಪಟ್ಟು ಕಡಿಮೆ. ಗೆಲ್ಲುವುದು ಯಾರು ಅನ್ನುವುದೂ ಅಷ್ಟು ಹೊತ್ತಿಗೆ ಗೊತ್ತಾಗಿಬಿಟ್ಟಿರುತ್ತದೆ. ಮುಂದಿದ್ದವನು ಇನ್ನೂ ಮುಂದೆ ಹೋಗುತ್ತಾನೆ. ಬಹಳ ಜನ ಆಟ ಬಿಡುವುದು ಇಲ್ಲೇ.

ಆಟ ಮಾಡುವವರಿಗೂ ಈ ತೊಂದರೆ ಗೊತ್ತು. ಸಿವಿಲೈಸೇಶನ್ 4ರಲ್ಲಿ ನಗರಗಳು ಹೆಚ್ಚಾದಷ್ಟೂ, ರಾಜಧಾನಿಯಿಂದ ದೂರವಾದಷ್ಟೂ ನಿರ್ವಹಣೆ ಖರ್ಚು ಏರುತ್ತದೆ. ಐದನೆಯದರಲ್ಲಿ ಪ್ರತಿ ಹೊಸ ನಗರವೂ ಜನರ ನೆಮ್ಮದಿ ಕೆಡಿಸುತ್ತದೆ. ಏಳನೆಯದು ಇನ್ನೂ ದೊಡ್ಡ ಹೆಜ್ಜೆ ಇಟ್ಟಿದೆ. ಆಟವನ್ನೇ ಮೂರು ಯುಗಗಳಾಗಿ ಕತ್ತರಿಸಿದೆ. ಅದು ಬಂದಾಗಿನ ನಿಯಮದಂತೆ, ಯುಗ ಬದಲಾದಾಗ ನಾಯಕ ಉಳಿಯುತ್ತಾನೆ, ನಾಗರಿಕತೆ ಬದಲಾಗುತ್ತದೆ. ಇದು ಕೆಲವರಿಗೆ ತುಂಬಾ ಹಿಡಿಸಿದೆ, ಕೆಲವರಿಗೆ ಸ್ವಲ್ಪವೂ ಹಿಡಿಸಿಲ್ಲ. ಒಂದೇ ಜನಾಂಗವನ್ನು ಕಲ್ಲಿನ ಕಾಲದಿಂದ ರಾಕೆಟ್ ತನಕ ಕರೆದುಕೊಂಡು ಹೋಗುವುದೇ ನಿಮಗೆ ಸಂತೋಷ ಅಂದರೆ ಏಳನೆಯದಕ್ಕೆ ಅವಸರ ಬೇಡ. ನಾಲ್ಕನೆಯದೋ ಐದನೆಯದೋ ಆಡಿಲ್ಲದಿದ್ದರೆ ಅಲ್ಲಿಗೆ ಹೋಗಿ. ಹೊಸದು ಎಂದ ಮಾತ್ರಕ್ಕೆ ಉತ್ತಮ ಎಂದೇನಿಲ್ಲ. ಐದನೆಯದು 2010ರಲ್ಲಿ ಬಂದರೂ ಅದಕ್ಕೆ ಮೈ ತುಂಬಿದ್ದು 2013ರ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಬಂದ ಮೇಲೆ.

ಇನ್ನೂರನೇ ಟರ್ನ್‌ನ ಆಯಾಸದಿಂದ ಬಿಟ್ಟವರಿಗೆ ನಾನು ಮೊದಲು ಹೇಳುವ ಹೆಸರು ಓಲ್ಡ್ ವರ್ಲ್ಡ್. ಸಿವಿಲೈಸೇಶನ್ 4ರ ಮುಖ್ಯ ವಿನ್ಯಾಸಕರಾಗಿದ್ದ ಸೋರೆನ್ ಜಾನ್ಸನ್ ತಮ್ಮ ಮೊಹಾಕ್ ಗೇಮ್ಸ್‌ನಿಂದ 2021ರಲ್ಲಿ ತಂದ ಆಟ ಇದು. ಇಲ್ಲಿ ಪ್ರತಿ ತುಕಡಿಗೂ ಟರ್ನ್‌ಗೆ ಒಂದು ನಡೆ ಎಂಬ ನಿಯಮವೇ ಇಲ್ಲ. ನಿಮಗೆ ಪ್ರತಿ ಟರ್ನ್‌ಗೆ ಇಂತಿಷ್ಟು ಆಜ್ಞೆಗಳು ಸಿಗುತ್ತವೆ, ಅಷ್ಟೆ. ಅವನ್ನು ಎಲ್ಲಿ ಬೇಕಾದರೂ ಖರ್ಚು ಮಾಡಿ. ಒಂದೇ ತುಕಡಿಯನ್ನು ದಣಿಯುವ ತನಕ ಓಡಿಸಬಹುದು. ಗಡಿಯಲ್ಲಿ ಯುದ್ಧ ಬಂತೋ, ಗಣಿ ಕಟ್ಟಬೇಕಿದ್ದ ಕೆಲಸಗಾರ ಸುಮ್ನೆ ಕೂರಬೇಕು, ಯಾಕೆಂದರೆ ಅವನಿಗೆ ಹೇಳಲು ಆಜ್ಞೆ ಉಳಿದಿಲ್ಲ. ರಾಜ್ಯ ಬೆಳೆದಂತೆ ಒಂದೊಂದು ಆಜ್ಞೆಯ ಬೆಲೆ ಇಳಿಯುವ ಬದಲು ಏರುತ್ತದೆ. ಎಷ್ಟು ಸರಳ ಯೋಚನೆ! ಇದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನೊಂದು ವಿಷಯ. ಇಲ್ಲಿ ಒಂದು ಟರ್ನ್ ಅಂದರೆ ಒಂದು ವರ್ಷ. ನಿಮ್ಮ ರಾಜನಿಗೆ ವಯಸ್ಸಾಗುತ್ತದೆ, ಸಾಯುತ್ತಾನೆ. ಮಗನೋ ಮಗಳೋ ಪಟ್ಟಕ್ಕೆ ಬರುತ್ತಾರೆ. ಹೊಸಬರ ಮಾತಿಗೆ ಹಳಬರಷ್ಟು ತೂಕ ಇರುವುದಿಲ್ಲ, ಹಾಗಾಗಿ ಆಜ್ಞೆಗಳೂ ಕಡಿಮೆಯಾಗಬಹುದು. ಮುನಿಸಿಕೊಂಡ ಮನೆತನಗಳು, ಮದುವೆ ಸಂಬಂಧಗಳು, ದಾರಿ ತಪ್ಪಿದ ಯುವರಾಜ, ಎಲ್ಲವೂ ಇವೆ. ಪ್ರಾಚೀನ ಕಾಲ ಬಿಟ್ಟು ಆಟ ಮುಂದೆ ಹೋಗುವುದಿಲ್ಲ. ಕೆಲವರಿಗೆ ಅದು ಕೊರತೆ ಅನ್ನಿಸಬಹುದು. ನನಗಂತೂ ಅದೇ ಅದರ ಬಲ.

ಬೇಸರ ಬಂದದ್ದು ಕೊನೆಯಲ್ಲಲ್ಲ, ಶುರುವಿನಲ್ಲೇ ಅನ್ನುವವರೂ ಇದ್ದಾರೆ. ಪ್ರತಿ ಸಲವೂ ಅದೇ ಅಡಿಪಾಯ. ನಿಮ್ಮ ಜನ ಮೊದಲು ಕಲಿಯುವ ವಿದ್ಯೆಗಳೂ ಅವೇ, ಅದೇ ಕುಂಬಾರಿಕೆ, ಅದೇ ಬರವಣಿಗೆ. ಯಾವ ದೇಶ ಆರಿಸಿದರೂ ಆಡುವ ರೀತಿ ಒಂದೇ. ಅಂಥವರಿಗೆ ಪ್ಯಾರಿಸ್‌ನ ಆಂಪ್ಲಿಟ್ಯೂಡ್ ಸ್ಟುಡಿಯೋಸ್ 2014ರಲ್ಲಿ ತಂದ ಎಂಡ್‌ಲೆಸ್ ಲೆಜೆಂಡ್ ಇದೆ. ಇದರಲ್ಲಿ ಬ್ರೋಕನ್ ಲಾರ್ಡ್ಸ್ ಎಂಬ ಬಣಕ್ಕೆ ಅನ್ನವೇ ಬೇಡ. ಡಸ್ಟ್ ಎಂಬ ಹಣದಿಂದಲೇ ಅವರ ಜನಸಂಖ್ಯೆ ಬೆಳೆಯುತ್ತದೆ. ಕಲ್ಟಿಸ್ಟ್‌ಗಳಿಗೆ ಇರುವುದು ಒಂದೇ ನಗರ. ಸುತ್ತಲಿನ ಹಳ್ಳಿಗಳನ್ನು ತಮ್ಮ ಮತಕ್ಕೆ ಸೆಳೆದುಕೊಂಡೇ ಅವರು ಬೆಳೆಯಬೇಕು. ರೋವಿಂಗ್ ಕ್ಲಾನ್ಸ್ ಯುದ್ಧ ಸಾರುವಂತೆಯೇ ಇಲ್ಲ. ಅವರು ವ್ಯಾಪಾರಿಗಳು, ನಗರವನ್ನೇ ದೊಡ್ಡ ಜೀರುಂಡೆಯ ಬೆನ್ನ ಮೇಲೆ ಹೇರಿಕೊಂಡು ಬೇರೆಡೆ ಹೋಗುತ್ತಾರೆ. ಬಣ ಬದಲಿಸಿದರೆ ಆಟವೇ ಬದಲಾಗುತ್ತದೆ. ಆಗಾಗ ಚಳಿಗಾಲ ಬಂದು ಬೆಳೆ, ಓಡಾಟ ಎಲ್ಲಾ ಕುಗ್ಗುತ್ತದೆ. ಆಟ ಸಾಗಿದಂತೆ ಆ ಚಳಿಗಾಲಗಳು ಇನ್ನಷ್ಟು ಕಠಿಣವಾಗುತ್ತವೆ. ಎದುರಾಳಿ ಕಂಪ್ಯೂಟರ್ ಅಷ್ಟು ಚುರುಕಲ್ಲ, ಅದು ನಿಜ. ಆದರೂ ಆ ಲೋಕದಲ್ಲಿ ಹೊಸತನಕ್ಕೆ ಬರವಿಲ್ಲ.

ಜಾಗತಿಕ ಇತಿಹಾಸವೇ ಸಾಕಾಗಿದೆ, ಕಥೆ ಬೇಕು, ವಿಚಾರ ಬೇಕು ಅನ್ನುವವರು ಹಿಂದಕ್ಕೆ ಹೋಗಬೇಕು. 1999ರ ಆಲ್ಫಾ ಸೆಂಟಾರಿಗೆ. ವಿನ್ಯಾಸ ಬ್ರಯಾನ್ ರೆನಾಲ್ಡ್ಸ್ ಅವರದು. ಭೂಮಿ ಬಿಟ್ಟು ಹೊರಟ ನೌಕೆಯ ಜನ ಏಳು ಬಣಗಳಾಗಿ ಒಡೆದು ಹೊಸ ಗ್ರಹಕ್ಕೆ ಇಳಿಯುತ್ತಾರೆ. ಅವರನ್ನು ಬೇರೆ ಮಾಡಿದ್ದು ದೇಶವಲ್ಲ, ನಂಬಿಕೆ. ಒಬ್ಬರಿಗೆ ವಿಜ್ಞಾನ, ಒಬ್ಬರಿಗೆ ಲಾಭ, ಒಬ್ಬರಿಗೆ ದೇವರು, ಒಬ್ಬರಿಗೆ ಪರಿಸರ. ಹೊಸ ತಂತ್ರಜ್ಞಾನ ಸಿಕ್ಕಾಗಲೆಲ್ಲಾ ಒಂದು ಮಾತು ಕೇಳಿಬರುತ್ತದೆ, ಹಲವು ಸಲ ಆ ಬಣಗಳ ನಾಯಕರದೇ ಮಾತು. ಅವರೆಲ್ಲಾ ಬದುಕಿರುವ ಮನುಷ್ಯರು ಅನ್ನಿಸತೊಡಗುತ್ತದೆ. ನೆಲ ಎತ್ತರಿಸಿ ಬೆಟ್ಟ ಮಾಡಿದರೆ ಅದರ ಒಂದು ಬದಿಗೆ ಮಳೆ, ಇನ್ನೊಂದು ಬದಿ ಒಣಗುತ್ತದೆ. ಪಕ್ಕದವನ ಹೊಲ ಒಣಗಿಸಲು ಹೀಗೆ ಬೆಟ್ಟ ಎಬ್ಬಿಸಬಹುದು! ಪರಿಸರ ಕೆಡಿಸಿದರೆ ಗ್ರಹವೇ ತಿರುಗಿ ಬೀಳುತ್ತದೆ, ಸಮುದ್ರ ಏರುತ್ತದೆ. ಚಿತ್ರಗಳು ಹಳೆಯವು, ಮೆನುಗಳು ತೊಡಕಿನವು. ಮೊದಲ ಒಂದೆರಡು ಸಂಜೆ ತಾಳ್ಮೆ ಬೇಕು. ಆಮೇಲೆ ಆ ತೊಡಕು ಕಣ್ಣಿಗೆ ಬೀಳುವುದಿಲ್ಲ. ಈ ಬಗೆಯ ಆಟಗಳಲ್ಲಿ ಇಷ್ಟು ಆಳ ಇರುವ ಇನ್ನೊಂದನ್ನು ನಾನು ಕಂಡಿಲ್ಲ.

ಸಮಯವೇ ಸಾಲದೆ ಬಿಟ್ಟಿರಾ? ಹಾಗಿದ್ದರೆ ಫೋನಿನಲ್ಲೂ ಆಡಬಹುದಾದ ಪಾಲಿಟೋಪಿಯಾ ನೋಡಿ. ಅದರ ಒಂದು ಬಗೆಯಲ್ಲಿ 30 ಟರ್ನ್‌ಗೆ ಆಟ ಮುಗಿಯುತ್ತದೆ. ಯುದ್ಧದ ಭಾಗವೇ ಇಷ್ಟ ಅನ್ನುವವರಿಗೆ 2023ರ ಏಜ್ ಆಫ್ ವಂಡರ್ಸ್ 4 ಇದೆ. ಅದರಲ್ಲಿ ಕಾಳಗ ಬೇರೆಯೇ ಒಂದು ಮೈದಾನದಲ್ಲಿ, ಅದೂ ಟರ್ನ್ ಲೆಕ್ಕದಲ್ಲಿ ನಡೆಯುತ್ತದೆ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಸ್ಟೆಲಾರಿಸ್, ಕ್ರುಸೇಡರ್ ಕಿಂಗ್ಸ್ 3, ಯೂರೋಪಾ ಯೂನಿವರ್ಸಾಲಿಸ್ ಕೂಡ ಸಾಮ್ರಾಜ್ಯದ ಆಟಗಳೇ, ಬಹಳ ಒಳ್ಳೆಯವು. ಆದರೆ ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ಬೇಕಾದಾಗ ನೀವು ನಿಲ್ಲಿಸಬೇಕು. ಟೋಟಲ್ ವಾರ್ ಸರಣಿಯಲ್ಲಿ ನಕ್ಷೆ ಟರ್ನ್ ಲೆಕ್ಕದ್ದು, ಯುದ್ಧ ಮಾತ್ರ ಕಣ್ಣೆದುರೇ ಓಡುವಂಥದ್ದು. ಟರ್ನ್‌ನ ನಿಧಾನವೇ ನಿಮಗೆ ಬೇಕಾದ್ದು ಅಂದರೆ ಇದನ್ನು ನೋಡಿಕೊಂಡೇ ಆರಿಸಿ.

ಹಣ ಖರ್ಚು ಮಾಡುವ ಮನಸ್ಸಿಲ್ಲದವರಿಗೂ ದಾರಿ ಇದೆ. ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿದ ಫ್ರೀಸಿವ್ 1996ರಿಂದ ಉಚಿತವಾಗಿ ಸಿಗುತ್ತಿದೆ. ಯುನ್‌ಸಿವ್ ಎಂಬುದು ಸಿವಿಲೈಸೇಶನ್ 5ರ ನಿಯಮಗಳನ್ನು ಸರಳ ಚಿತ್ರಗಳೊಂದಿಗೆ ಫೋನಿಗೂ, ಹಳೆಯ ಕಂಪ್ಯೂಟರಿಗೂ ತಂದಿದೆ. ಅದೂ ಮುಕ್ತ ತಂತ್ರಾಂಶ.

ಇಷ್ಟೆಲ್ಲಾ ಆಡಿಯೂ ಇನ್ನೂ ಕಷ್ಟದ್ದು ಬೇಕು ಅನ್ನುವ ಗಟ್ಟಿಗರಿಗೆ 2020ರ ಶ್ಯಾಡೋ ಎಂಪೈರ್. ಪ್ರತಿ ಸಲವೂ ಒಂದು ಗ್ರಹ ಆರಿಸಿಕೊಂಡು ಆಡುವ ಆಟ ಇದು. ಇಲ್ಲಿ ಸೈನ್ಯ ಕಳಿಸಿದರೆ ಸಾಲದು, ಅದರ ಹಿಂದೆ ರಸ್ತೆ ಹಾಕಬೇಕು, ಲಾರಿಗಳ ನೆಲೆ ಕಟ್ಟಬೇಕು. ಸರಬರಾಜು ನಿಂತರೆ ಎಂಥ ಟ್ಯಾಂಕೂ ನಿಲ್ಲುತ್ತದೆ. ಕೈಪಿಡಿಯೇ ಒಂದು ದಪ್ಪ ಪುಸ್ತಕ. ಅದನ್ನು ಓದಲು ಒಂದು ವಾರ ಬಿಡುವು ಮಾಡಿಕೊಳ್ಳಿ. ಮೊದಲ ಗ್ರಹ ಚಿಕ್ಕದೇ ಆರಿಸಿಕೊಳ್ಳಿ.

ನಮಸ್ಕಾರ.